ಸುನಂದಕ್ಕನ ಹುಲ್ಲು, ಮೈನಾಳ ಕಾಲು

ಸಾವಿನ ಮನೆಗೆ ಮಾತಾಡಿಸಲು ಬರುವವರಿಗೆ ಬಾಯಿಯ ಕಷ್ಟಕ್ಕಿಂತ ಕೈಯ ಕಷ್ಟ ದೊಡ್ಡದು ಎಂಬುದು ನನಗೆ ಈ ವರ್ಷ ತಿಳಿಯಿತು. ಬಾಯಿಗೆ ಹೇಗೋ ನಾಲ್ಕು ಮಾತು ಸಿಗುತ್ತವೆ. "ಏನ್ ಮಾಡೂದ್ರಿ, ನಮ್ಮ ಕೈಯಾಗ ಏನೈತಿ" ಎಂದರೆ ಸಾಕು, ಎದುರಿಗಿದ್ದವನು "ಹೌದ್ರಿ" ಎನ್ನುತ್ತಾನೆ, ಅಲ್ಲಿಗೆ ಒಂದು ಸುತ್ತು ಮುಗಿಯುತ್ತದೆ. ಆದರೆ ಏನೂ ಇಲ್ಲದ ಆ ಕೈಯನ್ನು ಎಲ್ಲಿಡುವುದು? ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತಲೆ ಸವರಬಹುದು. ಹಣ್ಣಾದ ಮುದುಕಿಯೊಬ್ಬಳಿದ್ದರೆ ಕೈ ಹಿಡಿದು ಕೂರಬಹುದು. ನನ್ನ ಮನೆಯಲ್ಲಿ ಉಳಿದವನು ನಾನೊಬ್ಬನೇ. ಹೊಟ್ಟೆ ಬಂದ, ಮೀಸೆ ನರೆತ, ನಿವೃತ್ತಿಗೆ ಹತ್ತಿರವಾದ ಬಸ್ ಕಂಡಕ್ಟರನ ತಲೆಯನ್ನು ಯಾರು ಸವರುತ್ತಾರೆ? ಹಾಗಾಗಿ ಬಂದವರೆಲ್ಲ ಸ್ವಲ್ಪ ಹೊತ್ತು ನನ್ನೆದುರು ಕೂತು, ನೆಲ ನೋಡಿ, ಗೋಡೆಗೆ ಹೊಸದಾಗಿ ಹಾಕಿದ ನನ್ನ ಹೆಂಡತಿಯ ಫೋಟೊ ನೋಡಿ, ಆಮೇಲೆ ನಿಧಾನವಾಗಿ ಎದ್ದು ಹಿತ್ತಿಲಿಗೆ ಹೋಗಿ ಕುದುರೆಯ ಕುತ್ತಿಗೆ ಸವರುತ್ತಿದ್ದರು. ಅಲ್ಲಿ ಅವರಿಗೆ ಅಳು ಸರಾಗವಾಗಿ ಬರುತ್ತಿತ್ತು.

ನಮ್ಮ ಹಳ್ಳಿ ರಾಯಬಾಗದಿಂದ ಚಿಂಚಲಿಗೆ ಹೋಗುವ ದಾರಿಯಲ್ಲಿದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ಸಮಾಧಾನ ಹೇಳುವವರಿಗೂ ಅನುಕೂಲವಾಗಿದೆ. ಮಗಳ ಅತ್ತೆಯ ತಂಗಿಯ ಬೀಗತಿಯಂಥ ದೂರದ ನಂಟರೂ ಬಂದರು. ಅವರಲ್ಲಿ ಕೆಲವರು ನನ್ನ ಬಸ್ಸಿಗೇ ಹತ್ತುತ್ತಿದ್ದರು. "ಎಲ್ಲಿಗ್ರಿ?" ಎಂದು ರೂಢಿಯಂತೆ ಕೇಳಿದರೆ, "ನಿಮ್ಮನೀಗೇ ಬರಾಕತ್ತೇವ್ರಿ" ಎನ್ನುತ್ತಿದ್ದರು. ನಾನು ಟಿಕೆಟ್ ಕೊಟ್ಟು, ನಮ್ಮೂರ ಸ್ಟಾಪಿನಲ್ಲಿ ಸೀಟಿ ಊದಿ ಅವರನ್ನು ಇಳಿಸಿ, ಮುಂದೆ ಐನಾಪುರಕ್ಕೆ ಹೋಗುತ್ತಿದ್ದೆ. ಡ್ಯೂಟಿ ಮುಗಿಸಿ ಮನೆಗೆ ಬರುವಷ್ಟರಲ್ಲಿ ಅವರು ಕುದುರೆಯನ್ನು ಮಾತಾಡಿಸಿ ವಾಪಸು ಹೋಗಿಬಿಟ್ಟಿರುತ್ತಿದ್ದರು.

ಕುದುರೆಯ ಹೆಸರು ಮೈನಾ. ಕುದುರೆ ಎಂದರೆ ಮದುವೆಯ ವರ ಏರುವಂಥ ಬಿಳಿ ಕುದುರೆಯೆಂದು ತಿಳಿಯಬೇಡಿ. ಕಂದು ಬಣ್ಣದ, ಗಿಡ್ಡ ಕಾಲಿನ, ಡೊಳ್ಳು ಹೊಟ್ಟೆಯ ತಟ್ಟು ಅದು. ನನ್ನ ಹೆಂಡತಿ ಮಾಯವ್ವನ ತವರಿನವರು ಕುರಿಗಾರರು. ಕುರಿ ಹಿಂಡು ಊರೂರು ತಿರುಗುವಾಗ ಟೆಂಟು, ಪಾತ್ರೆ, ಕೋಳಿ, ಅದೇ ದಿನ ಹುಟ್ಟಿದ ಮರಿ, ನಡೆಯಲಾರದ ಮುದುಕಿ ಎಲ್ಲವನ್ನೂ ಬೆನ್ನಿಗೇರಿಸಿಕೊಂಡು ಹೋಗುತ್ತಿದ್ದ ಜಾತಿಯ ಕುದುರೆ. ಮಾಯವ್ವನ ಅಣ್ಣ ಅಲೆದಾಟಕ್ಕೆ ಒಂದು ಟೆಂಪೊ ಕೊಂಡ ಮೇಲೆ ಮೈನಾಳಿಗೆ ಕೆಲಸವಿಲ್ಲದಾಯಿತು. ಮಾಯವ್ವ ಹೋಗಿ ಹಗ್ಗ ಹಿಡಿದುಕೊಂಡು ನಡೆಸಿಕೊಂಡು ಬಂದಳು. "ಟೆಂಪೊಕ್ಕ ಕರಳಿಲ್ಲ, ಕುದರಿಗೆ ಐತಿ" ಎಂದಳು. ನಾನು ಏನೂ ಅನ್ನಲಿಲ್ಲ. ದಿನವಿಡೀ ಬಸ್ಸಿನಲ್ಲಿ "ಮುಂದ ಸರೀರಿ, ಮುಂದ ಸರೀರಿ" ಎಂದು ಕೂಗುವವನಿಗೆ ಮನೆಯಲ್ಲಿ ಕೂಗಲು ಗಂಟಲೇ ಉಳಿದಿರುವುದಿಲ್ಲ.

ಮೈನಾಳಿಗೂ ನನಗೂ ಒಂದು ಒಪ್ಪಂದವಿತ್ತು. ನಾನು ಅದರ ಹಿಂದೆ ಹೋಗಬಾರದು, ಅದು ನನ್ನ ಮುಂದೆ ಬರಬಾರದು. ಮಾಯವ್ವ ಬದುಕಿರುವವರೆಗೂ ಇಬ್ಬರೂ ಇದನ್ನು ಪಾಲಿಸಿದೆವು. ಅದರ ಕೆಲಸವೆಲ್ಲ ಅವಳದೇ. ಬೆಳಿಗ್ಗೆ ಊರಾಚೆಯ ಕಲ್ಲುದಿಬ್ಬ, ಮಡ್ಡಿಯ ಮೇಲೆ ನಡೆಸಿಕೊಂಡು ಹೋಗುವುದು, ಜೋಳದ ದಂಟಿನ ಒಣ ಕಣಕಿ ಹಾಕುವುದು, ಗೊರಸಿನೊಳಗೆ ಸಿಕ್ಕ ಹರಳನ್ನು ಕಬ್ಬಿಣದ ಕೊಕ್ಕೆಯಿಂದ ತೆಗೆಯುವುದು. ಲಾಳ ಹೊಡೆಸಿರಲಿಲ್ಲ. ನಾನೊಮ್ಮೆ ಕೇಳಿದ್ದಕ್ಕೆ, "ಮನ್ಯಾಗ ಇರಾಕಿಗೆ ಬೂಟ ಯಾಕ್ರಿ? ನಾ ಹಾಕ್ಕೋತೇನೇನು?" ಎಂದಿದ್ದಳು. ಇಬ್ಬರೂ ಬರಿಗಾಲಿನಲ್ಲೇ ಮಡ್ಡಿ ಹತ್ತುತ್ತಿದ್ದರು.

ಇನ್ನು ನಮ್ಮ ಪಕ್ಕದ ಮನೆಯ ಸುನಂದಕ್ಕನ ವಿಷಯ ಹೇಳಬೇಕು. ಅವಳಿಲ್ಲದೆ ಈ ಕಥೆಯಿಲ್ಲ. ನಮ್ಮ ಹಿತ್ತಿಲಿಗೂ ಅವಳ ಹೊಲಕ್ಕೂ ನಡುವೆ ಒಂದು ಮುಳ್ಳುತಂತಿಯ ಬೇಲಿ. ಆ ಕಡೆ ಕಬ್ಬು, ಬೋರಿನ ನೀರು, ಕಾಲುವೆಯ ಬದುವಿನಲ್ಲಿ ಮಂಡಿಯುದ್ದ ಹಸಿರು ಹುಲ್ಲು. ಈ ಕಡೆ ಕಲ್ಲು, ಬೂದಿ, ನಾವು. ಮೈನಾ ಬಂದ ಹೊಸದರಲ್ಲಿ ಹಗ್ಗ ಬಿಚ್ಚಿಕೊಂಡು ಬೇಲಿ ದಾಟಿ ಒಂದು ಸಾಲು ಎಳೆ ಕಬ್ಬನ್ನು ಮೇಯ್ದುಬಿಟ್ಟಿತು. ಸುನಂದಕ್ಕ ಬೇಲಿಗೆ ಬಂದು, "ಹೊಟ್ಟೀಗೆ ಹಾಕಾಕ ಆಗದವರು ಕುದರಿ ಯಾಕ ಕಟ್ತಾರೋ" ಎಂದಳು. ಮಾಯವ್ವನಿಗೆ ಬೇರೆ ಏನು ಅಂದಿದ್ದರೂ ನಡೆಯುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸುನಂದಾ, ಕೇಳಿಲ್ಲೆ. ಇನ್ನ ಮ್ಯಾಲ ನಿನ್ನ ಹೊಲದ ಒಂದ ಹುಲ್ಲಕಡ್ಡಿ ನನ್ನ ಕುದರಿ ಬಾಯಾಗ ಬಿತ್ತಂದ್ರ ನಾ ನಮ್ಮಪ್ಪನ ಮಗಳಲ್ಲ" ಎಂದಳು.

ಅವಳು ತನ್ನ ಅಪ್ಪನ ಮಗಳಾಗಿಯೇ ಉಳಿದಳು. ಹಬ್ಬಕ್ಕೂ ಮಾತಿಲ್ಲ. ಮಾತಿಲ್ಲ ಎಂದರೆ ನೇರ ಮಾತಿಲ್ಲ ಅಷ್ಟೆ. ಬೇಲಿಯ ಎರಡೂ ಕಡೆಯಿಂದ ಗಾಳಿಗೆ, ಕೋಳಿಗೆ, ದೇವರಿಗೆ ಹೇಳಿದಂತೆ ದಿನಾ ಸಂಜೆ ಜಗಳ ನಡೆಯುತ್ತಿತ್ತು. ಮಾಯವ್ವ ಬೇಕೆಂದೇ ನನ್ನ ಖಾಕಿ ಶರ್ಟನ್ನು ಸುನಂದಕ್ಕನ ಬೇಲಿಯ ಮೇಲೆ ಒಣಹಾಕುತ್ತಿದ್ದಳು. ನಮ್ಮ ಹಿತ್ತಿಲಲ್ಲಿ ಹಗ್ಗ ಕಟ್ಟಿರಲಿಲ್ಲವೆಂದಲ್ಲ. "ಯಾರ ಬೇಲಿ ಮ್ಯಾಲ ಯಾರ ಅಂಗಿ" ಎಂದು ಆ ಕಡೆಯಿಂದ ಶುರುವಾದರೆ, ನಾನು ಒಳಗೆ ಊಟ ಮಾಡುತ್ತಾ ಕೇಳುತ್ತಿದ್ದೆ. ನನ್ನ ಅಂಗಿ ಕೊನೆಗೆ ಒಣಗಿದ್ದು ಸೂರ್ಯನಿಂದಲೋ ಇವರಿಬ್ಬರ ಬಿಸಿಯಿಂದಲೋ ಎಂದು ಅನುಮಾನ ಬರುತ್ತಿತ್ತು.

ಮಳೆಗಾಲಕ್ಕೆ ಸ್ವಲ್ಪ ಮೊದಲು ಮಾಯವ್ವ ತೀರಿಕೊಂಡಳು. ಎದೆ ಹಿಡಿದಂತಾಗುತ್ತದೆ ಎಂದಳು, ಮೀರಜಿನ ಆಸ್ಪತ್ರೆಗೆ ಹೊರಟೆವು, ದಾರಿಯಲ್ಲೇ ಮುಗಿಯಿತು. ಇಷ್ಟು ವರ್ಷ ಸಾವಿರಾರು ಜನರನ್ನು ಅವರವರ ಸ್ಟಾಪಿನಲ್ಲಿ ಇಳಿಸಿದವನು, ನನ್ನ ಹೆಂಡತಿ ಎಲ್ಲಿ ಇಳಿದಳೆಂದು ಗೊತ್ತಾಗದೆ ಕೂತಿದ್ದೆ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ದಿನಕರ್ಮ ಮುಗಿದು, ನಂಟರು ಖಾಲಿಯಾಗಿ, ನಿಪ್ಪಾಣಿಯ ಮಗಳೂ ತನ್ನ ಮನೆಗೆ ಹೋದ ಮೇಲೆ ಮೊದಲ ಮಳೆ ಬಿತ್ತು. ಅದಾದ ಕೆಲವು ದಿನಕ್ಕೆ, ಒಂದು ಸಂಜೆ, ಹಿತ್ತಿಲ ಬಾಗಿಲಲ್ಲಿ ಸುನಂದಕ್ಕ ನಿಂತಿದ್ದಳು. ತಲೆಯ ಮೇಲೆ ಹಸಿರು ಹುಲ್ಲಿನ ಹೊರೆ, ಹಳೆಯ ಸೀರೆಯ ಹಸಿರಂಚಿನಿಂದ ಕಟ್ಟಿದ್ದು. ಬೇಲಿ ಸುತ್ತಿ ಬೀದಿಯಿಂದ ಬಂದಿದ್ದಳು. ಅಷ್ಟು ವರ್ಷದಲ್ಲಿ ಅವಳು ನಮ್ಮ ಮನೆಯ ಹೊಸ್ತಿಲು ನೋಡಿದ್ದು ಅದೇ ಮೊದಲು, ಸಾವಿನ ದಿನ ಬಿಟ್ಟರೆ.

"ಬಾಳಣ್ಣಾ," ಎಂದಳು. ನನ್ನ ಹೆಸರು ಬಾಳಪ್ಪ. "ಕುದರಿಗೆ ಹುಲ್ಲ ತಂದೇನಿ. ಬ್ಯಾಡ ಅನಬ್ಯಾಡ."

"ಯಾಕ ತ್ರಾಸ ತಗೊಂಡ್ಯಬೇ, ಸುನಂದಕ್ಕಾ."

"ಇರಲಿ. ಆಕಿ ಇದ್ದಾಗ ಕೊಡಾಕ ಆಗಲಿಲ್ಲ."

ಅಷ್ಟೇ ಹೇಳಿದ್ದು. ಹೊರೆ ಇಳಿಸಿ, ಗಂಟು ಬಿಚ್ಚಿ, ಮೈನಾಳ ಮುಂದೆ ಹಾಕಿದಳು. ಮೈನಾ ಒಮ್ಮೆ ಅವಳನ್ನು ನೋಡಿತು, ಒಮ್ಮೆ ನನ್ನನ್ನು ನೋಡಿತು, ಆಮೇಲೆ ನಮ್ಮಿಬ್ಬರನ್ನೂ ಮರೆತುಬಿಟ್ಟಿತು. ಸುನಂದಕ್ಕ ಹಿತ್ತಿಲ ಕಟ್ಟೆಯ ಆ ತುದಿಗೆ, ನಾನು ಈ ತುದಿಗೆ ಕೂತು ಅದು ಮೇಯುವುದನ್ನು ನೋಡಿದೆವು. ಕುದುರೆ ಹಸಿ ಹುಲ್ಲು ಅಗಿಯುವ ಸದ್ದು ನೀವು ಕೇಳಿರಬಹುದು. ಯಾರೋ ಪಕ್ಕದ ಕೋಣೆಯಲ್ಲಿ ಹೊಸ ಬಟ್ಟೆಯನ್ನು ನಿಧಾನವಾಗಿ ಹರಿಯುತ್ತಿರುವಂತಿರುತ್ತದೆ. ಮಾಯವ್ವ ಹೋದ ಮೇಲೆ ಆ ಮನೆಯಲ್ಲಿ ನಾನು ಕೇಳಿದ ಮೊದಲ ನೆಮ್ಮದಿಯ ಸದ್ದು ಅದು. ಹುಲ್ಲು ಮುಗಿದಾಗ ಸುನಂದಕ್ಕ ಸೆರಗಿನಿಂದ ಮೂಗೊರೆಸಿಕೊಂಡು ಎದ್ದು ಹೋದಳು. ಮರುದಿನ ಸಂಜೆ ಮತ್ತೆ ಬಂದಳು. ಅದರ ಮರುದಿನವೂ.

ನಾನು ಡ್ಯೂಟಿಯಿಂದ ಸ್ವಲ್ಪ ಬೇಗ ಬರತೊಡಗಿದೆ. ಹುಲ್ಲಿನ ನೆಪದಲ್ಲಿ ಕಟ್ಟೆಯ ಮೇಲೆ ಒಬ್ಬರು ಬಂದು ಕೂರುತ್ತಾರೆ ಎಂಬುದೇ ನನಗೆ ದಿನದ ಕೊನೆಯ ಸ್ಟಾಪಾಯಿತು. ಮಾತು ಹೆಚ್ಚಿರಲಿಲ್ಲ. "ಮಳಿ ಚಲೋ ಆತು" ಎನ್ನುತ್ತಿದ್ದಳು. "ಹೌದು" ಎನ್ನುತ್ತಿದ್ದೆ. ಒಮ್ಮೊಮ್ಮೆ ಅವಳು ಮೈನಾಳಿಗೆ ಹೇಳುವಂತೆ, "ಭಾಳ ಹಟಾ ಇತ್ತು ನಿಮ್ಮವ್ವಗ" ಎನ್ನುತ್ತಿದ್ದಳು. ಮಗಳು ಫೋನಿನಲ್ಲಿ "ಉಂಡ್ಯೇನಪಾ?" ಎಂದು ಕೇಳುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಫೋನಿಗೆ ಸುಳ್ಳು ಹೇಳಬಹುದು. ಕಟ್ಟೆಯ ಮೇಲೆ ಕೂತವರಿಗೆ ನನ್ನ ಒಲೆ ಹೊಗೆಯಾಡುತ್ತಿಲ್ಲವೆಂದು ತಾನಾಗಿಯೇ ಕಾಣುತ್ತದೆ. ಹಾಗೆ ಕಂಡ ಮೇಲೆ ಸುನಂದಕ್ಕ ಹುಲ್ಲಿನ ಜೊತೆಗೆ ರೊಟ್ಟಿಯನ್ನೂ ತರುತ್ತಿದ್ದಳು. ನಂಟರು ತಂದ ಬುತ್ತಿಯ ರೊಟ್ಟಿ, ಅವರು ಕುದುರೆಗೆಂದೇ ತಂದ ಬೆಲ್ಲ ಇನ್ನೂ ಉಳಿದಿತ್ತು. ಅದನ್ನೂ ನಾನು ಮೈನಾಳಿಗೇ ಹಾಕಿದೆ. ಇಷ್ಟು ದಿನ ನಾನು ಹೆದರುತ್ತಿದ್ದ ಪ್ರಾಣಿಯನ್ನು ಒಲಿಸಿಕೊಳ್ಳಲು ನನಗೆ ತಿಳಿದದ್ದು ಅದೊಂದೇ ದಾರಿ.

ಒಂದು ಬೆಳಿಗ್ಗೆ ಮೈನಾ ನಡೆಯಲಿಲ್ಲ. ಮುಂಗಾಲೆರಡನ್ನೂ ಮುಂದೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕುರ್ಚಿಯಿಲ್ಲದೆ ಕೂರಲು ಹೊರಟವರಂತೆ ನಿಂತಿತ್ತು. ಹಗ್ಗ ಜಗ್ಗಿದರೆ ಕಾದ ಹಂಚಿನ ಮೇಲೆ ಕಾಲಿಟ್ಟಂತೆ ಒಂದು ಹೆಜ್ಜೆ ಇಟ್ಟು ಮತ್ತೆ ನಿಂತಿತು. ತಲೆ ಕೆಳಗೆ, ಕಣ್ಣು ಅರ್ಧ ಮುಚ್ಚಿತ್ತು.

ಸುದ್ದಿ ಊರಿಗೆ ಹರಡಲು ತಡವಾಗಲಿಲ್ಲ. ಆದರೆ ಹರಡಿದ ಸುದ್ದಿಯೇ ಬೇರೆ. ಮಾಯವ್ವನ ಕುದುರೆ ಮಾಯವ್ವನ ಚಿಂತೆಯಲ್ಲಿ ಕಾಲು ಎತ್ತುತ್ತಿಲ್ಲ, ಇನ್ನು ಅದೂ ಉಳಿಯುವುದಿಲ್ಲ ಎಂದು. ಜನ ಮತ್ತೆ ಬರತೊಡಗಿದರು. ಈ ಸಲ ನನ್ನೆದುರು ಕೂರುವ ಶಾಸ್ತ್ರವನ್ನೂ ಬಿಟ್ಟು ನೇರವಾಗಿ ಹಿತ್ತಿಲಿಗೇ ಹೋದರು. "ಮೂಕ ಪ್ರಾಣಿ ನೋಡ್ರಿ, ಎಷ್ಟ ಹಚಿಗೊಂಡೈತಿ" ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಅವಳ ಜೊತೆಗೆ ಬಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನಷ್ಯಾರ ನೋಡು, ಡ್ಯೂಟಿಗೆ ಹೊಂಟಾರ" ಎಂದಳು.

ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ನಾನೂ ದುಃಖದಲ್ಲೇ ಇದ್ದೆ. ಆದರೆ ನನ್ನ ದುಃಖಕ್ಕೆ ಕಾಲು ನೋಯುತ್ತಿರಲಿಲ್ಲ. ಬೆಳಗಾದರೆ ಕಾಲು ತಾನಾಗಿಯೇ ಎದ್ದು ಡಿಪೊ ಕಡೆಗೆ ನಡೆಯುತ್ತಿತ್ತು. ಹೆಂಡತಿಗಾಗಿ ಅನ್ನನೀರು ಬಿಡುವುದರಲ್ಲಿ ಒಂದು ತಟ್ಟು ನನ್ನನ್ನು ಸೋಲಿಸಿತಲ್ಲ ಎಂದುಕೊಂಡೆ. ನೀರು ಬಿಟ್ಟಿತ್ತೋ ಇಲ್ಲವೋ, ಅನ್ನವನ್ನಂತೂ ಅದು ಬಿಟ್ಟಿರಲಿಲ್ಲ. ಬಂದವರು ಅದರ ದುಃಖಕ್ಕೆಂದು ಬೆಲ್ಲ ತಂದರೆ ಬೆಲ್ಲ ತಿನ್ನುತ್ತಿತ್ತು, ಕಬ್ಬಿನ ತುದಿ ತಂದರೆ ಅದನ್ನೂ ತಿನ್ನುತ್ತಿತ್ತು. ಸುನಂದಕ್ಕ ಅಂತೂ ಹೊರೆಯನ್ನು ದೊಡ್ಡದು ಮಾಡಿದಳು. "ತಿನ್ನವ್ವಾ, ತಿನ್ನು. ಹೊಟ್ಟಿ ತುಂಬಿದ್ರ ಚಿಂತಿ ಮರೀತೈತಿ" ಎಂದು ಅದರ ಹಣೆಗೆ ಹಣೆ ಇಟ್ಟಳು.

ನನ್ನ ಬಸ್ಸಿನ ಡ್ರೈವರ್ ದಸ್ತಗೀರ ಮಾತ್ರ, "ಅಲ್ಲೋ ಬಾಳಣ್ಣ, ಚಿಂತಿ ಮಾಡೂ ಪ್ರಾಣಿ ಹಿಂಗ ದಪ್ಪ ಆಗತೈತೇನು? ದನದ ಡಾಕ್ಟರಗೆ ತೋರಸು" ಎಂದ. ಅವನು ಹೇಳಿದ್ದರಿಂದಲೇ ರಜೆ ಹಾಕಿ ಪಶು ಆಸ್ಪತ್ರೆಯ ಡಾಕ್ಟರ್ ಮೇಡಮ್ಮನ್ನು ಕರೆತಂದೆ. ವಯಸ್ಸು ಚಿಕ್ಕದು, ಮಾತು ಚುರುಕು. ಅವರು ಮೈನಾಳ ಗೊರಸಿನ ಮೇಲೆ ಅಂಗೈಯ ಹಿಂಬದಿ ಇಟ್ಟು, ನನ್ನ ಕೈಯನ್ನೂ ಎಳೆದು ಅಲ್ಲಿಡಿಸಿದರು. ಚಹಾದ ಲೋಟ ಮುಟ್ಟಿದಂತಿತ್ತು.

"ಏನೇನ ತಿನ್ನಸಾಕತ್ತೀರಿ?"

ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೋದಂತೆ ಅದು ಕುದುರೆಯ ಆಹಾರವಾಗಿರದೆ ಮದುವೆಯ ಊಟವೆಂದು ನನಗೇ ಅನಿಸಿತು.

"ಇದಕ್ಕ ಚಿಂತಿ ಹತ್ತಿಲ್ರಿ, ಸಕ್ಕರಿ ಹತ್ತೈತಿ," ಎಂದರು ಮೇಡಮ್ಮು. "ಗೊರಸಿನೊಳಗ ಬಾವು ಬಂದೈತಿ. ಬೆಲ್ಲ, ರೊಟ್ಟಿ ಅಂತೂ ಕೊಡಲೇಬಾರದು. ಮಳ್ಯಾಗ ಚಿಗತ ಎಳೀ ಹುಲ್ಲೂ ಇಂಥಾ ಕುದರಿಗೆ ಆಗಂಗಿಲ್ಲ."

"ಹುಲ್ಲ ಆಗಂಗಿಲ್ಲ ಅಂದ್ರ ಹೆಂಗ್ರಿ ಮೇಡಮ್? ಮತ್ತ ಕುದರಿ ಆಗಿ ಏನ ಉಪಯೋಗ?"

"ಕಬ್ಬೂ ಹುಲ್ಲಿನ ಜಾತೀನ ಅಲ್ಲೇನ್ರಿ? ಎಳೀ ಹುಲ್ಲಿನ್ಯಾಗೂ ಸಕ್ಕರಿ ಇರತೈತಿ. ಒಣಾ ಮಡ್ಡಿ ಮ್ಯಾಲ ದಿನಗಟ್ಲೆ ನಡದು, ಸಿಕ್ಕ ಕಡ್ಡಿ ತಿಂದ ಬೆಳದ ಪ್ರಾಣಿ ಇದು. ನಿಂತಲ್ಲೇ ನಿಂತು ಹಬ್ಬಾ ಮಾಡಿದ್ರ ಕಾಲಿಗೆ ಇಳೀತೈತಿ. ಈಗ ಹಿಡದೀವಿ, ವಾಸಿ ಆದೀತು. ಇನ್ನೊಮ್ಮಿ ಹಿಂಗಾತಂದ್ರ ಗೊರಸಿನೊಳಗಿನ ಎಲಬ ಜಾರತೈತಿ. ಆಮ್ಯಾಲ ನಿಂದ್ರಾಕೂ ಆಗಂಗಿಲ್ಲ."

ಲಾಳ ಹೊಡೆಸಲೇ ಎಂದು ಕೇಳಿದೆ. ನೋಯುವ ಕಾಲಿಗೆ ಮೊಳೆ ಯಾಕೆ, ಬರಿಗಾಲೇ ಇರಲಿ, ಕಾಲ ಕೆಳಗೆ ದಪ್ಪಗೆ ಉಸುಕು ಹಾಕಿರಿ, ಗೊರಸಿಗೆ ತಣ್ಣೀರು ಬಿಡಿ, ನಾನು ಬಂದು ಗೊರಸಿನ ತುದಿ ಸವರಿ ಕೊಡುತ್ತೇನೆ ಎಂದರು. ಇಂಜೆಕ್ಷನ್ ಕೊಟ್ಟರು. ಒಣ ಹುಲ್ಲನ್ನೂ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ ಹಾಕಬೇಕಂತೆ, ಅದರಲ್ಲಿರುವ ಸಿಹಿಯೂ ಹೋಗಬೇಕಂತೆ. ಸಂಜೆ ಒಣ ಹುಲ್ಲನ್ನು ಬಕೆಟ್ಟಿನಲ್ಲಿ ಅದ್ದುತ್ತಾ ಕೂತಾಗ ಒಂದು ವಿಷಯ ಹೊಳೆದು ಕೈ ನಿಂತಿತು. ಇಷ್ಟು ವರ್ಷ ಮೈನಾಳ ಕಾಲನ್ನು ಕಾಪಾಡಿದ್ದು ಮಾಯವ್ವನ ವೈದ್ಯವಲ್ಲ. ಗೊರಸು, ಸಕ್ಕರೆ ಇದಾವುದೂ ಅವಳಿಗೂ ಗೊತ್ತಿರಲಿಲ್ಲ. ಕಾಪಾಡಿದ್ದು ಅವಳ ಜಗಳ. ಸುನಂದಕ್ಕನ ಮೇಲಿನ ಸಿಟ್ಟು ಒಂದೇ ಒಂದು ದಿನ ಇಳಿದಿದ್ದರೂ ಆ ಬದುವಿನ ಹುಲ್ಲು ಅಂದೇ ಬೇಲಿ ದಾಟುತ್ತಿತ್ತು. ಈಗ ಇಬ್ಬರ ನಡುವೆ ಶಾಂತಿಯಾಗಿದೆ, ಮೈನಾಳಿಗೆ ನಿಲ್ಲಲು ಕಾಲಿಲ್ಲ.

ಇದನ್ನು ಸುನಂದಕ್ಕನಿಗೆ ಹೇಳಬೇಕಿತ್ತು. ಹೇಳುವುದು ಹೇಗೆ? ಅವಳು ತರುತ್ತಿದ್ದುದು ಬರೀ ಹುಲ್ಲೆಂದು ಅವಳೂ ತಿಳಿದಿರಲಿಲ್ಲ, ನಾನೂ ತಿಳಿದಿರಲಿಲ್ಲ. ಸತ್ತವಳ ಹತ್ತಿರ ಆಡಲಾಗದೆ ಉಳಿದ ಮಾತನ್ನು ಅವಳು ದಿನಾ ಕುಡುಗೋಲಿನಿಂದ ಕೊಯ್ದು ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಇದು ವಿಷ, ತರಬೇಡ ಎಂದರೆ ಆ ಮುಖ ಏನಾಗುತ್ತದೆ? ಅದಕ್ಕಿಂತ ದೊಡ್ಡ ಕಾರಣವೂ ಇತ್ತು. ಹುಲ್ಲು ನಿಂತರೆ ಸುನಂದಕ್ಕನೂ ನಿಲ್ಲುತ್ತಾಳೆ. ಕುದುರೆಗೆ ಹುಲ್ಲು ಹಾಕಲು ಬರುವ ಹೆಂಗಸು ಬಂದಾಳು, ಕಂಡಕ್ಟರನ ಮುಖ ನೋಡಲು ಯಾವ ಹೆಂಗಸು ಕಟ್ಟೆಯೇರಿ ಕೂತಾಳು?

ಹಾಗಾಗಿ ನಾನು ಹೇಡಿಗಳು ಮಾಡುವುದನ್ನೇ ಮಾಡಿದೆ. "ಡಾಕ್ಟರ್ ಇಂಜೆಕ್ಷನ್ ಕೊಟ್ಟಾರಬೇ, ಈಗ ತಿನ್ನಂಗಿಲ್ಲ, ಬೆಳಿಗ್ಗೆ ಹಾಕ್ತೇನಿ, ಇಟ್ಟ ಹೋಗು" ಎಂದೆ. ಅವಳು ಹೊರೆ ಇಟ್ಟು, ಕಟ್ಟೆಯ ಮೇಲೆ ಕೂತು, ಹೋದಳು. ಬೆಳಿಗ್ಗೆ ನಾನು ಆ ಹೊರೆಯನ್ನು ಬಿಚ್ಚದೆ ಹಾಗೆಯೇ ಮೋಟರ್ ಸೈಕಲ್ಲಿಗೆ ಕಟ್ಟಿ ಡಿಪೊಗೆ ಒಯ್ದು, ಬಸ್ಸಿನ ಹಿಂದಿನ ಸೀಟಿನ ಕೆಳಗೆ ತುರುಕಿದೆ. ನಮ್ಮ ಬಸ್ಸು ಹೋಗಿ ತಿರುಗುವ ಐನಾಪುರದ ಸ್ಟಾಪಿನಲ್ಲಿ ಒಬ್ಬ ಚಹಾದಂಗಡಿಯವನಿದ್ದಾನೆ. ಅವನದೊಂದು ಎಮ್ಮೆಯಿದೆ. ಎಮ್ಮೆಗೆ ಎಳೆ ಹುಲ್ಲಿನಿಂದ ಯಾವ ತೊಂದರೆಯೂ ಇಲ್ಲ.

"ಏನಿದು, ಹೊಲಾ ಹೊತಗೊಂಡ ಬಂದೀಯಲ್ಲ" ಎಂದ ದಸ್ತಗೀರ.

ವಿಷಯ ಹೇಳಿದೆ. ಅವನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. "ಎಂಥಾ ಗಂಡಸಪಾ ನೀನು. ಟಿಕೀಟ ಇಲ್ಲದವನ್ನ ನಡು ದಾರ್ಯಾಗ ಇಳಸ್ತಿ, ಒಂದ ಹೆಣ್ಮಗಳಿಗೆ ಹುಲ್ಲ ಬ್ಯಾಡ ಅನ್ನಾಕ ಆಗವಲ್ದು."

"ಹೆಣ್ಮಕ್ಳಿಗೆ ಟಿಕೀಟ ಬೇಕಾಗಿಲ್ಲೋ, ಆಕೀನ ಎಲ್ಲಿ ಇಳಸೂದು" ಎಂದೆ. ನಗು ಬರಲಿಲ್ಲ.

ಹುಲ್ಲಿಗೆ ಮಾತ್ರ ದಿನಾ ಲಗೇಜ್ ಟಿಕೆಟ್ ತೆಗೆದೆ. ನನ್ನ ನೌಕರಿಯಲ್ಲಿ ಸುಳ್ಳು ನಡೆಯುವುದಿಲ್ಲ, ಅದೆಲ್ಲ ಮನೆಯಲ್ಲಷ್ಟೇ. ಕೆಲವು ದಿನಕ್ಕೆ ಎಮ್ಮೆಯ ಹಾಲು ಹೆಚ್ಚಿ ಐನಾಪುರದ ಚಹಾ ಗಟ್ಟಿಯಾಯಿತು. ದಸ್ತಗೀರ ಗುಟುಕು ಎಳೆದು, "ಸುನಂದಕ್ಕನ ಚಾ ಭಾಳ ಚಲೋ ಐತಿ" ಎನ್ನುತ್ತಿದ್ದ. ಮೈನಾಳ ಗೊರಸು ತಣ್ಣಗಾಗತೊಡಗಿತು. ಬೆಳಿಗ್ಗೆ ಎದ್ದ ಕೂಡಲೇ ಅದರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು, ಜ್ವರ ನೋಡುವಂತೆ ಒಂದೊಂದೇ ಗೊರಸು ಮುಟ್ಟುತ್ತಿದ್ದೆ. ನಮ್ಮ ಹಳೆಯ ಒಪ್ಪಂದ ಮುರಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಅದು ನನ್ನ ಬೆನ್ನಿನ ಮೇಲೆ ಗದ್ದ ಇಟ್ಟು ನಿಲ್ಲುತ್ತಿತ್ತು. ಭಾರವಾಗುತ್ತಿತ್ತು. ಏಳುತ್ತಿರಲಿಲ್ಲ.

ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಒಂದು ಮಂಗಳವಾರ ಸುನಂದಕ್ಕ ಮಾಯಕ್ಕದೇವಿಯ ದರ್ಶನಕ್ಕೆ ಚಿಂಚಲಿಗೆ ಹೊರಟಳು. ನಮ್ಮೂರ ಸ್ಟಾಪಿನಲ್ಲಿ ನನ್ನ ಬಸ್ಸನ್ನೇ ಹತ್ತಿದಳು. ಮುಂದೆಲ್ಲ ತುಂಬಿತ್ತು. "ಹಿಂದ ಸರೀರಿ, ಹಿಂದ ಜಾಗಾ ಐತಿ" ಎಂದು ಕೂಗಿದವನು ನಾನೇ. ಇಷ್ಟು ವರ್ಷ "ಮುಂದ ಸರೀರಿ" ಎನ್ನುತ್ತಿದ್ದವನಿಗೆ ಅಂದು ಯಾಕೆ ಹಿಂದಿನ ಸೀಟು ನೆನಪಾಯಿತೋ. ಅವಳು ಹೋಗಿ ಕೂತಳು. ಕಾಲಿಗೆ ಏನೋ ತಗುಲಿತು. ಬಗ್ಗಿ ನೋಡಿದಳು. ತನ್ನದೇ ಸೀರೆಯ ಹಸಿರಂಚು, ತಾನೇ ಹಾಕಿದ ಗಂಟು. ಹೊರೆಯನ್ನಾದರೂ ಬಿಚ್ಚಿ ಬೇರೆ ಹಗ್ಗದಿಂದ ಕಟ್ಟಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಟಿಕೆಟ್ ಕೊಡುತ್ತಾ ಹಿಂದೆ ಬಂದಾಗ ಅವಳು ಹೊರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಬಾಳಣ್ಣಾ, ಇದು ನಾ ನಿನ್ನೆ ಕೊಟ್ಟ ಹುಲ್ಲಲ್ಲ?"

"ಹೌದಬೇ."

"ಎಲ್ಲಿಗೆ ಹೊಂಟೈತಿ?"

"ಐನಾಪುರಕ್ಕ."

"ಟಿಕೀಟ ತಗದಿಯೇನು ಇದಕ್ಕ?"

"ತಗದೇನಿ" ಎಂದು ತೋರಿಸಿದೆ. ಅಕ್ಕಪಕ್ಕದವರೆಲ್ಲ ತಿರುಗಿ ನೋಡುತ್ತಿದ್ದರು. ಅಲ್ಲೇ, ಕಂಬಿ ಹಿಡಿದು ಜೋಲಾಡುತ್ತಾ, ಎಲ್ಲವನ್ನೂ ಹೇಳಿದೆ. ಡಾಕ್ಟರ್ ಹೇಳಿದ್ದು, ಸಕ್ಕರೆ, ಎಲುಬು, ಎಮ್ಮೆ. ಹೇಳಬೇಕಾಗಿದ್ದುದನ್ನು ಕಟ್ಟೆಯ ಮೇಲೆ ಮೆಲ್ಲಗೆ ಹೇಳದೆ, ಅರ್ಧ ರಾಯಬಾಗ ತಾಲೂಕಿನ ಮುಂದೆ ಹೇಳಿದೆ.

ಅವಳು ಹೊರೆಯಿಂದ ಒಂದು ಎಸಳು ಎಳೆದು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಅಂದ್ರ ನನ್ನ ಹೊಲದ ಒಂದ ಹುಲ್ಲಕಡ್ಡಿನೂ ಆ ಕುದರಿ ಬಾಯಾಗ ಬೀಳಬಾರದು, ಹೌದಲ್ಲ?" ಎಂದಳು.

"ಡಾಕ್ಟರ್ ಹಂಗಂದಾರಬೇ."

"ಡಾಕ್ಟರ್ ಅಲ್ಲ. ಆಕಿ ಅಂದಿದ್ಲು." ಕಿಟಕಿಯ ಕಡೆ ಮುಖ ತಿರುಗಿಸಿದಳು. "ಸತ್ತ ಮ್ಯಾಲೂ ಹಟಾ ಬಿಡಲಿಲ್ಲ ನೋಡು, ಖೋಡಿ. ಗೆದ್ದಳು."

ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ. ಚಿಂಚಲಿಯಲ್ಲಿ ಹೊರೆಯನ್ನು ಸೀಟಿನ ಮೇಲೇ ಬಿಟ್ಟು ಇಳಿದಳು. ಅವತ್ತಿನ ಚಹಾ ನಾನು ಕುಡಿಯಲಿಲ್ಲ. ದಸ್ತಗೀರ ಎರಡೂ ಕುಡಿದ.

ಅಂದು ಸಂಜೆ ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಊರಿನವರೂ ಬರುವುದನ್ನು ನಿಲ್ಲಿಸಿದರು. ಕುದುರೆಗೆ ಸಕ್ಕರೆ ರೋಗವಂತೆ, ಚಿಂತೆ ಅಲ್ಲವಂತೆ ಎಂದು ಗೊತ್ತಾದ ಮೇಲೆ ಅದರಲ್ಲಿ ಅಳುವಂಥದ್ದು ಏನೂ ಉಳಿಯಲಿಲ್ಲ. ನಾನು ಮೈನಾಳ ಮೂತಿಗೆ ಎತ್ತಿಗೆ ಕಟ್ಟುವಂಥ ಹಗ್ಗದ ಕುಕ್ಕಿ ಕಟ್ಟಿ, ಬಿಸಿಲೇರುವ ಮುನ್ನ ಮಡ್ಡಿಯ ಮೇಲೆ ನಡೆಸಿಕೊಂಡು ಹೋಗತೊಡಗಿದೆ. ಕುಕ್ಕಿಯ ಸಂದಿಯಿಂದ ಒಂದೊಂದೇ ಒಣ ಎಸಳು ಸಿಕ್ಕರೆ ಸಿಕ್ಕಿತು. ಮೊದಲು ಉಸುಕಿನ ದಾರಿ, ಆಮೇಲೆ ಮಣ್ಣಿನ ದಾರಿ, ಈಗ ಹರಳು ಮಡ್ಡಿಯ ಮೇಲೂ ಕುಂಟದೆ ನಡೆಯುತ್ತದೆ. ಡಾಕ್ಟರ್ ಮೇಡಮ್ಮು ಬಂದು ಗೊರಸು ಸವರಿ, "ನಿಮ್ಮಷ್ಟ ಪಥ್ಯಾ ಯಾರೂ ಮಾಡಸೂದಿಲ್ಲ ಬಿಡ್ರಿ" ಎಂದರು. ಖುಷಿಯಾಗಬೇಕಿತ್ತು. ಅವರ ಸ್ಕೂಟರಿನ ಸದ್ದು ದೂರವಾದ ಮೇಲೆ ಹಿತ್ತಿಲಿನಲ್ಲಿ ಎಷ್ಟು ನಿಶ್ಶಬ್ದವಿತ್ತೆಂದರೆ, ನೆನೆಸಿದ ಹುಲ್ಲಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ನೆನೆಸಿದ ಹುಲ್ಲು ಅಗಿದರೆ ಬಟ್ಟೆ ಹರಿದ ಸದ್ದೂ ಬರುವುದಿಲ್ಲ. ಕುದುರೆಗೆ ಕಾಲು ಬಂತು, ಕಟ್ಟೆ ಖಾಲಿಯಾಯಿತು.

ಹಾಗೇ ಒಂದು ಸಂಜೆ ಬೇಲಿಯ ಹತ್ತಿರದಿಂದ ಮೆಲ್ಲಗೆ ಧ್ವನಿ ಬಂತು. "ಬಾಳಣ್ಣಾ, ಕುದರಿ ಹೆಂಗೈತಿ?"

ನಾನು ಕಟ್ಟೆಯಿಂದ ಎದ್ದು ನಿಂತೆ. ಬಾ, ಕೂಡು ಎನ್ನಬೇಕೆನಿಸಿತು. ಆದರೆ ಸುನಂದಕ್ಕನನ್ನು ನಾನು ಬಲ್ಲೆ. ಕೈ ಬೀಸಿಕೊಂಡು ಯಾರ ಮನೆಗೂ ಬರುವ ಹೆಂಗಸಲ್ಲ. ಇಂದು ಮಾತು, ನಾಳೆ "ಇಷ್ಟ ಒಂದ ಹಿಡಿ" ಎಂದು ಹುಲ್ಲು, ನಾಡಿದ್ದು ಹೊರೆ. ಬೇಡವೆನ್ನಲು ನನಗೆ ಬಾಯಿಲ್ಲವೆಂಬುದು ಆಗಲೇ ಎಲ್ಲರಿಗೂ ತಿಳಿದಿದೆ. ಮೈನಾ ಕಿವಿ ನಿಮಿರಿಸಿ ಬೇಲಿಯ ಕಡೆ ನೋಡುತ್ತಿತ್ತು. ನಾನು ಅದರ ಕಾಲು ನೋಡಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಗಾಳಿಗೆ ಹೇಳುವಂತೆ, "ಮಂದೀ ಹುಲ್ಲ ತಿನ್ನದಿದ್ರ ಚಲೋನ ಇರತೈತಿ" ಎಂದೆ.

ಮಾತು ನನ್ನದಲ್ಲ, ಧಾಟಿಯೂ ನನ್ನದಲ್ಲ. ಸೊಂಟಕ್ಕೆ ಸಿಕ್ಕಿಸಲು ಸೆರಗೊಂದು ಇರಲಿಲ್ಲ ಅಷ್ಟೆ.

ಬೇಲಿಯಾಚೆ ಕೊಡವೊಂದನ್ನು ನೆಲಕ್ಕೆ ಕುಕ್ಕಿದ ಸದ್ದಾಯಿತು. ಆಮೇಲೆ ಶುರುವಾಯಿತು. "ಕೇಳಿದಿಯೇನವ್ವಾ ಕೋಳೀ, ಆಕಿ ಹೋದ್ಲು ಅಂದ್ರ ಈಂವಾ ಹುಟ್ಟ್ಯಾನ. ಹೊರೀಗಟ್ಲೆ ತಿಂದಾಗ ರುಚಿ ಇತ್ತು. ಎಮ್ಮೀಗೆ ಹಾಕಿ ಚಾ ಕುಡದ ಬಾಯಿ ಇದು." ಕೋಳಿಗೆ ಹೇಳಿದ್ದು ದೇವರಿಗೆ ಹೋಯಿತು, ದೇವರಿಂದ ನಮ್ಮ ಇಲಾಖೆಗೆ ಬಂತು, ಇಲಾಖೆಯಿಂದ ಗಂಡಸರ ಜಾತಿಗೇ ಹಬ್ಬಿತು. ಎಂಥ ಗಂಟಲು. ನಾನು ಒಳಗೆ ಹೋಗಿ ತಟ್ಟೆಗೆ ರೊಟ್ಟಿ ಹಾಕಿಕೊಂಡು ಬಂದು, ಬೇಲಿಯ ಹತ್ತಿರದ ಕಲ್ಲಿನ ಮೇಲೆ ಕೂತು ಉಂಡೆ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ. ಮಗಳ ಫೋನು ಬಂದಾಗ, "ಉಂಡ್ಯೇನಪಾ?" ಎಂದಳು. "ಉಂಡೆ" ಎಂದೆ. "ಅದೇನಪಾ ಹಿಂದ ಗದ್ದಲ?" ಎಂದಳು. "ಮನ್ಯಾಗ ಮಂದಿ ಅದಾರ" ಎಂದೆ.

ಈಗ ಮೈನಾಳ ಪಥ್ಯದ ಜೊತೆಗೆ ಈ ಜಗಳವನ್ನೂ ನಾನೇ ನೋಡಿಕೊಳ್ಳಬೇಕಾಗಿದೆ. ಸುನಂದಕ್ಕನಿಗೆ ವಯಸ್ಸಾಗುತ್ತಿದೆ, ಸಿಟ್ಟು ಬೇಗ ತಣ್ಣಗಾಗುತ್ತದೆ. ಆಗಾಗ ಮುಟ್ಟಿ ನೋಡುತ್ತಿರಬೇಕು. ಇವತ್ತು ಡ್ಯೂಟಿಯಿಂದ ಬಂದಾಗಿನಿಂದ ಆ ಕಡೆ ಸದ್ದಿಲ್ಲ. ಮೈನಾಳಿಗೆ ನೆನೆಸಿದ ಹುಲ್ಲು ಹಾಕಿಯಾಯಿತು, ನಾಲ್ಕೂ ಗೊರಸು ಮುಟ್ಟಿ ನೋಡಿದ್ದಾಯಿತು, ತಣ್ಣಗಿವೆ. ನನ್ನ ಹಿತ್ತಿಲಲ್ಲಿ ಹಗ್ಗ ಕಟ್ಟಿದೆ, ಅದರ ತುಂಬ ಜಾಗವೂ ಇದೆ. ಆದರೂ ಖಾಕಿ ಶರ್ಟನ್ನು ಒಗೆದು, ಹಿಂಡದೆ, ಅವಳ ಬೇಲಿಯ ಮೇಲೆ ಹರವಿ ಬಂದು ಕಟ್ಟೆಯ ಈ ತುದಿಗೆ ಕೂತಿದ್ದೇನೆ. ನೀರು ಅವಳ ಕಡೆಗೇ ಸೋರುತ್ತಿದೆ. ಇನ್ನೇನು ಅವಳ ಧ್ವನಿ ಬರಬಹುದು.